ಸೋರುವ ಸ್ಲ್ಯಾಬು, ತಡೆಹಿಡಿದ ಕೂಲಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಸಂದೇಶವಾಹಕರಾದ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.

ಸಹೋದರರೇ, ಈ ಮಳೆಗಾಲದಲ್ಲಿ ನನ್ನ ಬಳಿಗೆ ಬಂದ ತಗಾದೆಗಳಲ್ಲಿ ಗಂಡ ಹೆಂಡತಿಯರ ಜಗಳಕ್ಕಿಂತ ಮನೆ ಕೆಲಸದ ಜಗಳಗಳೇ ಹೆಚ್ಚು. ಹಳೆಯ ಹಂಚಿನ ಮನೆಯ ಹಿಂದೆ ಎರಡು ಕೋಣೆ ಎಳೆದವರು, ಮೇಲೊಂದು ಮಹಡಿ ಹಾಕಿದವರು, ವಯಸ್ಸಾದ ತಾಯಿಗೆಂದು ಒಳಗೇ ಬಾತ್‌ರೂಮ್ ಕಟ್ಟಿಸಿದವರು. ಎಪ್ರಿಲ್, ಮೇ ತಿಂಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಜೂನ್‌ನ ಮೊದಲ ಮಳೆಗೆ ನಿಜ ಹೊರಬೀಳುತ್ತದೆ.

ಅಂಥ ಒಂದು ಪ್ರಕರಣವನ್ನು, ಎರಡೂ ಕಡೆಯವರ ಒಪ್ಪಿಗೆ ಪಡೆದು, ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಗೊತ್ತಿದ್ದವರು ಊಹಿಸಿ ಪಕ್ಕದವರ ಕಿವಿಯಲ್ಲಿ ಹೇಳುವುದೂ ಬೇಡ.

ಗಲ್ಫಿನಲ್ಲಿ ದುಡಿಯುವ ಸಹೋದರರೊಬ್ಬರು ಐದೂವರೆ ಲಕ್ಷಕ್ಕೆ ಮಾತಾಡಿ ಮನೆಯ ಹಿಂಭಾಗವನ್ನು ವಿಸ್ತರಿಸಿದರು. ಕಂಟ್ರಾಕ್ಟರ್ ನಮ್ಮ ಜಮಾಅತಿನವರೇ. ಮಾತುಕತೆ ಎಲ್ಲ ಫೋನಿನಲ್ಲಿ. ಮಳೆ ಬಂದಾಗ ಹೊಸ ಸ್ಲ್ಯಾಬು ಹಳೆಯ ಗೋಡೆಗೆ ಸೇರುವ ಜಾಗದಿಂದ ನೀರು ಇಳಿಯಿತು. ಬಾತ್‌ರೂಮಿನ ನೀರು ಪಕ್ಕದ ಕೋಣೆಯ ಗೋಡೆಗೆ ಒಸರಿ ಬಣ್ಣ ಗುಳ್ಳೆ ಎದ್ದಿತು. ರಜೆಯಲ್ಲಿ ಊರಿಗೆ ಬಂದ ಮನೆಯವರು ಇದನ್ನು ನೋಡಿ ಸಿಟ್ಟಾಗಿ, ಬಾಕಿಯಿದ್ದ 1,40,000 ರೂಪಾಯಿಯನ್ನು ತಡೆದರು. ಕಂಟ್ರಾಕ್ಟರ್ ತನ್ನ ಕೆಲಸದಾಳುಗಳಿಗೆ, “ಮನೆಯವರು ಕೊಟ್ಟಿಲ್ಲ, ನಾನೆಲ್ಲಿಂದ ಕೊಡಲಿ?” ಎಂದರು. ಆ ಆಳುಗಳು ಕೊಪ್ಪಳದ ಕಡೆಯವರು, ನಮ್ಮ ಧರ್ಮದವರಲ್ಲ. ಬರಬೇಕಾದ ಕೂಲಿ 38,000 ರೂಪಾಯಿ.

ಒಂದು ಶುಕ್ರವಾರ ನಮಾಝ್ ಮುಗಿಸಿ ಹೊರಗೆ ಬಂದರೆ, ಚಪ್ಪಲಿ ಇಡುವ ಕಟ್ಟೆಯ ಬಳಿ ಒಬ್ಬ ಹೆಂಡತಿ ಮತ್ತು ಮಗುವಿನೊಂದಿಗೆ ನಿಂತಿದ್ದ. “ಇಬ್ಬರೂ ಇಲ್ಲಿಗೆ ಬರ್ತಾರಂತ ಹೇಳಿದ್ರು ಸ್ವಾಮಿ, ಅದಕ್ಕೇ ಬಂದೆ” ಎಂದ. ಮನೆಯವರು ಮೊದಲ ಸಫ್ಫಿನಲ್ಲಿದ್ದರು, ಕಂಟ್ರಾಕ್ಟರ್ ಮೂರನೆಯದರಲ್ಲಿ. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ?

ಮನೆಯವರು ಅದಕ್ಕೆ ಮೊದಲೇ ನನ್ನ ಬಳಿಗೆ ಬಂದಿದ್ದರು. “ಉಸ್ತಾದ್, ಅವರು ಮಾಡಿದ್ದು ಮೋಸ. ಇನ್ನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ” ಎಂದಿದ್ದರು. ಮೊಬೈಲಿನಲ್ಲಿ ಫೋಟೋಗಳನ್ನೂ ತೋರಿಸಿದ್ದರು. ನಾನೂ ತಲೆಯಾಡಿಸಿಬಿಟ್ಟಿದ್ದೆ. ಅದು ನನ್ನ ತಪ್ಪು. ಅಲೀ(ರ)ರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿ(ಸ) ಅವರಿಗೆ ಹೇಳಿದ್ದೇನು? ಇಬ್ಬರು ತಕರಾರು ತಂದರೆ, ಎರಡನೆಯವನ ಮಾತು ಕೇಳುವ ತನಕ ತೀರ್ಪು ಕೊಡಬೇಡ ಎಂದಲ್ಲವೇ?

ಆಮೇಲೆ ಪರಿಚಯದ ಒಬ್ಬ ಸಿವಿಲ್ ಇಂಜಿನಿಯರರನ್ನು ಕರೆದುಕೊಂಡು ಹೋಗಿ ನೋಡಿದೆವು. ಹಳೆಯ ಗೋಡೆಯಲ್ಲಿ ಗಾಡಿ ಕೊರೆಯದೆ ಸ್ಲ್ಯಾಬನ್ನು ಸುಮ್ಮನೆ ತಾಗಿಸಿ ನಿಲ್ಲಿಸಲಾಗಿತ್ತು. ಬಾತ್‌ರೂಮಿನಲ್ಲಿ ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿರಲಿಲ್ಲ, ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿಯೂ ಇರಲಿಲ್ಲ. ಇವೆರಡೂ ಕಂಟ್ರಾಕ್ಟರರ ತಪ್ಪು, ಅವರು ಒಪ್ಪಿಕೊಂಡರು. ಆದರೆ ಸ್ಲ್ಯಾಬಿನ ಮೇಲೆ ಕೂದಲೆಳೆಯಂಥ ಬಿರುಕುಗಳೂ ಇದ್ದವು. ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿ ಸಿಮೆಂಟಾದರೆ 10 ದಿನ, ಸುಡುಬಿಸಿಲಿನಲ್ಲಿ ಇನ್ನೂ ಹೆಚ್ಚು ದಿನ ನೀರು ಕೊಡಬೇಕು. ಇಲ್ಲಿ ನಾಲ್ಕೇ ದಿನ ಕೊಟ್ಟಿದ್ದರು. ಯಾಕೆಂದು ಕೇಳಿದರೆ, ಬಾವಿ ಬತ್ತುತ್ತದೆಂದು ಮನೆಯವರೇ ಪಂಪು ನಿಲ್ಲಿಸಿದ್ದರಂತೆ. ಮಾತಿನಲ್ಲಿಲ್ಲದ ನೀರಿನ ಟ್ಯಾಂಕನ್ನೂ ಸ್ಲ್ಯಾಬಿನ ಮೇಲೆ ಇಡಿಸಿದ್ದರು. ಈ ಎರಡು ವಿಷಯಗಳು ನನಗೆ ತೋರಿಸಿದ ಫೋಟೋಗಳಲ್ಲಿ ಇರಲಿಲ್ಲ.

ಸಹೋದರರೇ, ಕೆಟ್ಟ ಕೆಲಸವನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮದೀನಾದ ಮಸೀದಿ ಕಟ್ಟುವಾಗ ಯಮಾಮಾದಿಂದ ಬಂದಿದ್ದ ತಲ್ಕ್ ಬಿನ್ ಅಲೀ(ರ)ರಿಗೆ ಮಣ್ಣು ಕಲಸುವ ಕೆಲಸ ಚೆನ್ನಾಗಿ ಗೊತ್ತಿತ್ತು. ಆ ಕೆಲಸವನ್ನು ಅವರಿಗೇ ಬಿಡಿ ಎಂದು ಪ್ರವಾದಿ(ಸ) ಹೇಳಿದ್ದರು. ಗಾರೆ ಕಲಸುವುದರಲ್ಲೂ ನುರಿತ ಕೈಗೆ ಬೆಲೆಯಿತ್ತು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯನ್ನು ಅಡಿಗೆ ಮುಚ್ಚಿಟ್ಟದ್ದನ್ನು ಕಂಡು, ವಂಚಿಸಿದವನು ನಮ್ಮವನಲ್ಲ ಎಂದು ಎಚ್ಚರಿಸಿದವರೂ ಅವರೇ. ವಾಟರ್‌ಪ್ರೂಫಿಂಗ್ ಇಲ್ಲದ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸುವುದಕ್ಕೂ ಆ ರಾಶಿಗೂ ಏನು ವ್ಯತ್ಯಾಸ? ಕುಶಲಕರ್ಮಿಯ ಕೈಯಿಂದಾದ ಹಾನಿಗೆ ಅವನೇ ಹೊಣೆ ಎಂದು ಫುಕಹಾಗಳು ಬರೆದಿದ್ದಾರೆ. ಅಲೀ(ರ) ಹಾಗೆಯೇ ತೀರ್ಪು ಕೊಡುತ್ತಿದ್ದರೆಂದು ವರದಿಯಿದೆ. ಆದ್ದರಿಂದ ಸರಿಪಡಿಸಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅದನ್ನು ಕೇಳುವವರನ್ನು ಜಿಪುಣರೆಂದು ಆಡಿಕೊಳ್ಳಬೇಡಿ.

ಆದರೆ ಆ ಹಕ್ಕಿಗೊಂದು ಅಳತೆಯಿದೆ. ಸರಿಪಡಿಸಲು 45,000 ರೂಪಾಯಿ ಬೇಕಾಗುತ್ತದೆ ಎಂದು ಇಂಜಿನಿಯರ್ ಲೆಕ್ಕ ಹಾಕಿದರು. ತಡೆದಿದ್ದು 1,40,000. ಉಳಿದ 95,000 ಯಾರ ಹಣ? ಗೋಡೆ ನೆಟ್ಟಗೆ ಎದ್ದಿದೆ, ಸಾರಣೆ ಸರಿಯಾಗಿದೆ, ಬಾಗಿಲು ಕಿಟಕಿಗಳು ಕೂತಿವೆ. ಅವುಗಳಿಗೆ ಸಲ್ಲಬೇಕಾದದ್ದನ್ನು ಸಿಟ್ಟಿನಿಂದ ತಡೆದಿಟ್ಟರೆ ಅದು ನಮ್ಮದಾಗುತ್ತದೆಯೇ? ಅಳೆದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಸೂರಃ ಅಲ್ ಮುತಫ್ಫಿಫೀನ್ ಆರಂಭದಲ್ಲೇ ಕಠಿಣವಾಗಿ ಮಾತಾಡುತ್ತದೆ. ಅದು ತಕ್ಕಡಿ ಹಿಡಿದವರಿಗೆ ಮಾತ್ರ ಎಂದುಕೊಳ್ಳಬೇಡಿ. ಒಂದು ಜನರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದು ಎಂದು ಸೂರಃ ಅಲ್ ಮಾಇದಃದಲ್ಲಿ ಆಜ್ಞೆಯಿದೆ. ಹಾಗಿರುವಾಗ ಒಂದು ಸ್ಲ್ಯಾಬಿನ ಮೇಲಿನ ಸಿಟ್ಟು ಯಾವ ಲೆಕ್ಕ?

ಇನ್ನು ಕಂಟ್ರಾಕ್ಟರ್ ಸಹೋದರರು ಸ್ವಲ್ಪ ಗಮನವಿಟ್ಟು ಕೇಳಿ. ಆಳನ್ನು ಕೆಲಸಕ್ಕೆ ಕರೆದವರು ನೀವು, ಕೂಲಿ ಗೊತ್ತುಮಾಡಿದವರೂ ನೀವು. ಮನೆಯವರು ಕೊಡಲಿ, ಬಿಡಲಿ, ಅವನ ಕೂಲಿ ನಿಮ್ಮ ಕುತ್ತಿಗೆಯ ಮೇಲಿನ ಸಾಲ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ತಾನೇ ವಾದಿಯಾಗಿ ನಿಲ್ಲುವುದಾಗಿ ಅಲ್ಲಾಹನು ಹೇಳಿರುವನೆಂದು ಬುಖಾರಿಯ ಹದೀಸ್‌ನಲ್ಲಿದೆ. ಆಳು ಯಾವ ಧರ್ಮದವನು ಎಂದು ಅಲ್ಲಿ ಕೇಳಿಲ್ಲ. ಗುಹೆಯಲ್ಲಿ ಸಿಕ್ಕಿಬಿದ್ದ ಮೂವರ ಕಥೆ ನಿಮಗೆಲ್ಲ ಗೊತ್ತು. ಅವರಲ್ಲಿ ಒಬ್ಬನು ತನ್ನ ಆಳು ಬಿಟ್ಟು ಹೋದ ಕೂಲಿಯನ್ನು ಬೆಳೆಸಿ, ಅವನು ಮರಳಿ ಬಂದಾಗ ಜಾನುವಾರುಗಳ ಸಮೇತ ಎಲ್ಲವನ್ನೂ ಒಪ್ಪಿಸಿದ್ದ. ನಾವು ಮಗುವನ್ನು ಎತ್ತಿಕೊಂಡು ಬಂದವನನ್ನು ಚಪ್ಪಲಿ ಕಟ್ಟೆಯ ಬಳಿ ಕಾಯಿಸುತ್ತೇವೆ.

ಕೊನೆಗೆ ಆದ ಸುಲ್ಹ್ ಹೀಗಿದೆ: 95,000ವನ್ನು ಮನೆಯವರು ಮರುದಿನವೇ ಕೊಟ್ಟರು. ಅದರಲ್ಲಿ 38,000 ನಮ್ಮ ಕಣ್ಣೆದುರಿಗೇ ಆಳುಗಳ ಕೈ ಸೇರಿತು. 45,000 ಜಮಾಅತಿನ ಕೋಶಾಧಿಕಾರಿಯ ಬಳಿ ಅಮಾನತ್ತಾಗಿದೆ. ಮಳೆ ಬಿಟ್ಟ ಮೇಲೆ ಕಂಟ್ರಾಕ್ಟರ್ ತನ್ನ ಖರ್ಚಿನಲ್ಲಿ ಜಾಯಿಂಟು ಮತ್ತು ಬಾತ್‌ರೂಮನ್ನು ಸರಿಮಾಡಬೇಕು. ಎರಡು ದಿನ ನೀರು ಕಟ್ಟಿ ಒಸರುವುದಿಲ್ಲವೆಂದು ಖಚಿತವಾದರೆ ಆ ಹಣ ಅವರಿಗೆ. ಮಾಡದಿದ್ದರೆ ಮನೆಯವರು ಅದೇ ಹಣದಲ್ಲಿ ಬೇರೆಯವರಿಂದ ಮಾಡಿಸಿಕೊಳ್ಳಬಹುದು. ಬಿರುಕಿಗೆ ಬೇಕಾದದ್ದು ಮನೆಯವರ ಖರ್ಚು, ಟ್ಯಾಂಕನ್ನೂ ಅವರೇ ಇಳಿಸಬೇಕು.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ಫೋನ್ ಎತ್ತದವರು, ಮುಂಗಡ ನುಂಗಿದವರು ಇದ್ದಾರೆ. “ಮುಸ್ಲಿಮ್ ಸಹೋದರನನ್ನು ಕೋರ್ಟಿಗೆ ಎಳೆಯುವುದು ಪಾಪವಲ್ಲವೇ?” ಎಂದು ಕೇಳುತ್ತೀರಿ. ನ್ಯಾಯ ಕೇಳುವುದು ಪಾಪವಲ್ಲ, ಅಲ್ಲಿ ಸುಳ್ಳು ಹೇಳುವುದು ಪಾಪ. ಅಕ್ರಮ ಮಾಡುವ ಸಹೋದರನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ಸಹಾಯ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮನೆ ನಿರ್ಮಾಣವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಮೊದಲು ಬರಹದಲ್ಲಿ ನೋಟಿಸ್ ಕೊಡಿ. ರಶೀದಿ, ಬ್ಯಾಂಕಿನ ದಾಖಲೆ, ದಿನಾಂಕವಿರುವ ಫೋಟೋಗಳನ್ನು ಇಟ್ಟುಕೊಳ್ಳಿ. ವಾಟ್ಸಪ್‌ನಲ್ಲಿ ಊರಿಡೀ ಅವನ ಮಾನ ಹರಾಜು ಹಾಕುವುದರಿಂದ ಸೋರುವುದು ನಿಲ್ಲುವುದಿಲ್ಲ.

ಇಷ್ಟೆಲ್ಲ ಆದದ್ದು ಒಂದು ಹಾಳೆ ಬರೆಯದ ಕಾರಣ. ಕುರ್‌ಆನ್‌ನ ಅತಿ ದೀರ್ಘ ಆಯತ್, ಅಲ್ ಬಕರಃದ 282, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬೇಡಿ ಎನ್ನುತ್ತದೆ. ನಾವೋ, “ನಮ್ಮವನೇ ಅಲ್ವಾ, ಬರೆಯುವುದೆಂಥದ್ದು” ಎನ್ನುತ್ತೇವೆ. ನಮ್ಮವನಾದ್ದರಿಂದಲೇ ಬರೆಯಬೇಕು, ನಾಳೆಯೂ ಒಂದೇ ಸಫ್ಫಿನಲ್ಲಿ ನಿಲ್ಲಬೇಕಲ್ಲ. ಎಷ್ಟು ಚದರಡಿ, ಯಾವ ಸಿಮೆಂಟು, ಎಷ್ಟು ಎಂಎಂ ಸರಳು, ಕ್ಯೂರಿಂಗಿಗೆ ನೀರು ಯಾರದ್ದು, ಯಾವ ಹಂತಕ್ಕೆ ಎಷ್ಟು ಹಣ, ಸೋರಿದರೆ ಎಷ್ಟು ಸಮಯದ ತನಕ ಹೊಣೆ, ಎಲ್ಲವೂ ಅದರಲ್ಲಿ ಬರಲಿ. ಇಬ್ಬರು ಸಾಕ್ಷಿಗಳ ಸಹಿಯೂ ಇರಲಿ. ಪಂಚಾಯತಿನ ಪರವಾನಗಿ ಮೊದಲೇ ಪಡೆಯಿರಿ. ನೆರೆಯವರ ಜಾಗಕ್ಕೆ ಒಂದು ಗೇಣು ದಾಟಿದರೂ ಅದರ ವಿಚಾರಣೆ ಬೇರೆಯೇ ಇದೆ.

ಆ ಇಂಜಿನಿಯರರು ಕರಾರಿನ ಒಂದು ಮಾದರಿ ಬರೆದುಕೊಟ್ಟಿದ್ದಾರೆ. ಇಶಾ ನಮಾಝಿನ ಬಳಿಕ ಜಮಾಅತ್ ಕಚೇರಿಯಲ್ಲಿ ಸಿಗುತ್ತದೆ, ಝೆರಾಕ್ಸಿನ ಹಣ ಮಾತ್ರ ಕೊಟ್ಟರೆ ಸಾಕು. ಮನೆಯವರು ಮುಂದಿನ ವಾರ ಗಲ್ಫಿಗೆ ಮರಳುತ್ತಾರೆ. ಮಳೆ ನಿಂತ ಮೇಲೆ ಆ ಬಾತ್‌ರೂಮಿನಲ್ಲಿ ನೀರು ಕಟ್ಟುವ ದಿನ ಅವರ ತಾಯಿಯ ಪರವಾಗಿ ನಾನೇ ಹೋಗಿ ನೋಡುವುದೆಂದು ಒಪ್ಪಿಕೊಂಡಿದ್ದೇನೆ.