ಹಳೆಯ ಕೋಳಿಗಳ ಜೊತೆಗೆ ಎಳೆಯ ಹೇಂಟೆಗಳನ್ನು ಸೇರಿಸುವ ಬಗೆ

(ಹವಳಗಾ ಗ್ರಾಮದಲ್ಲಿ ಹಾಲು ಉತ್ಪಾದಕ ಸದಸ್ಯರಿಗಾಗಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸ)



ಹಾಲಿನ ಸದಸ್ಯರ ಎದುರು ಕೋಳಿಯ ಮಾತು ಯಾಕೆ ಬಂತು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಭೀಮಾ ದಂಡೆಯ ನಮ್ಮ ಅಫಜಲಪುರ ತಾಲ್ಲೂಕಿನಲ್ಲಿ ಎಮ್ಮೆ, ಆಕಳು ಕಟ್ಟಿದ ಎಷ್ಟೋ ಮನೆಗಳ ಅಂಗಳದಲ್ಲಿ ಐದೋ ಹತ್ತೋ ಕೋಳಿಗಳೂ ಇರುತ್ತವೆ. ಹಾಲಿನ ಬಟವಾಡೆ ಮನೆಯ ದೊಡ್ಡ ಖರ್ಚಿಗೆ ಹೋಗುತ್ತದೆ. ತತ್ತಿ ಮಾರಿದ ದುಡ್ಡು ಮಾತ್ರ ಹೆಣ್ಣುಮಕ್ಕಳ ಕೈಯಲ್ಲಿ ಉಳಿದು, ಉಪ್ಪು, ಎಣ್ಣೆ, ಮಕ್ಕಳ ಪಾಟಿ ಪುಸ್ತಕಕ್ಕೆ ಆಗುತ್ತದೆ. ಆ ಸಣ್ಣ ಗಳಿಕೆ ಹೊಸ ಕೋಳಿ ತಂದ ವಾರದೊಳಗೇ ಮಣ್ಣುಪಾಲಾಗುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಇಂದು ಈ ವಿಷಯ.

ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಸಂತೆಯಿಂದ ಆರು ಎಳೆಯ ಹೇಂಟೆಗಳನ್ನು ತಂದು, ಮುಂಜಾನೆ ನೇರವಾಗಿ ಹಳೆಯ ಕೋಳಿಗಳ ನಡುವೆ ಬಿಟ್ಟರು. ನಾಲ್ಕನೆಯ ದಿನಕ್ಕೆ ಎರಡು ಸತ್ತವು. ರೋಗ ಬಂದಿದೆ, ಔಷಧ ಕೊಡಿ ಎಂದು ಆ ತಾಯಿ ಸತ್ತ ಕೋಳಿಯನ್ನು ತಂದರು. ಕೊಯ್ದು ನೋಡಿದರೆ ಕುತ್ತಿಗೆಯ ಬುಡದ ಕಾಳಿನ ಚೀಲ ಬರಿದಾಗಿತ್ತು. ತಲೆಯ ಮೇಲೆ, ಬೆನ್ನಿನ ಮೇಲೆ ಕುಕ್ಕಿದ ಗಾಯಗಳಿದ್ದವು. ಹಳೆಯವು ಅದನ್ನು ಕಾಳಿನ ಹತ್ತಿರ, ನೀರಿನ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಅದು ರೋಗದಿಂದ ಸತ್ತದ್ದಲ್ಲ, ಹಸಿವು, ನೀರಡಿಕೆ, ಅಂಜಿಕೆಯಿಂದ ಸತ್ತದ್ದು.

ಹೀಗೇಕಾಗುತ್ತದೆ? ಕೋಳಿಗಳಲ್ಲಿ ಹಿರಿಕಿರಿತನದ ಒಂದು ಸಾಲು ಇದೆ. ಮೊದಲನೆಯ ಕೋಳಿ ಎಲ್ಲವನ್ನೂ ಕುಕ್ಕಬಹುದು, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು ಕುಕ್ಕಬಹುದು, ಕಡೆಯದು ಎಲ್ಲರಿಂದ ಕುಕ್ಕಿಸಿಕೊಳ್ಳಬೇಕು. ನಾರ್ವೆ ದೇಶದ ಶೆಲ್ಡರಪ್-ಎಬ್ಬೆ ಎಂಬುವರು ಚಿಕ್ಕಂದಿನಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದು 1921ರ ಸುಮಾರಿಗೆ ಇದನ್ನು ಶಾಸ್ತ್ರೀಯವಾಗಿ ಬರೆದರು. ಕೋಳಿಗಳು ಒಂದನ್ನೊಂದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ ಗುರುತಿಸುತ್ತವೆ. ಸಾಲು ಒಮ್ಮೆ ಗೊತ್ತಾದ ಮೇಲೆ ಜಗಳ ಕಡಿಮೆ, ಹಿರಿಯದು ತಲೆ ಎತ್ತಿದರೆ ಸಾಕು, ಕಿರಿಯದು ಸರಿದು ನಿಲ್ಲುತ್ತದೆ. ಹೊಸ ಕೋಳಿ ಬಂದಾಗ ಅದರ ಸ್ಥಾನ ಯಾವುದೆಂದು ಹೊಸದಾಗಿ ನಿರ್ಣಯವಾಗಬೇಕಾಗುತ್ತದೆ.

ಇದು ತಮಗೆ ಹೊಸ ಮಾತಲ್ಲ. ಹೊಸ ಮಣಕವನ್ನು ತಂದು ಹಳೆಯ ಆಕಳುಗಳ ನಡುವೆ ಬಿಟ್ಟರೆ ಹಿರಿಯ ಆಕಳು ಅದನ್ನು ಹಾಯುವುದನ್ನು, ಗೋದಲಿಯಿಂದ ದೂರ ಅಟ್ಟುವುದನ್ನು ತಾವು ಕಂಡೇ ಇದ್ದೀರಿ. ಅಲ್ಲಿ ಹಗ್ಗ ಬಿಗಿದು ಬೇರೆ ಕಟ್ಟುತ್ತೀರಿ. ಕೋಳಿಗೆ ಹಗ್ಗವಿಲ್ಲ, ಅದಕ್ಕೆ ಬೇರೆ ಉಪಾಯ ಮಾಡಬೇಕು.

ಗಾತ್ರ ಒಂದನ್ನೇ ನಂಬಬೇಡಿರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ 1989ರಲ್ಲಿ ಬಂದ ಗಿರಿರಾಜ, ಬೀದರಿನ ಪಶು ವಿಶ್ವವಿದ್ಯಾಲಯ 2005ರಲ್ಲಿ ಹೊರತಂದ ಸ್ವರ್ಣಧಾರಾ ತಳಿಗಳನ್ನು ಹಲವರು ಸಾಕುತ್ತಿದ್ದೀರಿ. ಗಿರಿರಾಜ ಮೈತುಂಬಿದ ಕೋಳಿ. ಆದರೂ ಅಂಗಳದ ಒಡೆತನ ಹಿಡಿದ ಸಣ್ಣ ಜವಾರಿ ಹೇಂಟೆ ಅದನ್ನು ಮೂಲೆಗೆ ಅಟ್ಟಬಲ್ಲದು. ಜವಾರಿ ಚುರುಕು, ಜೊತೆಗೆ ಜಾಗ ಅದರದು.

ಈಗ ಕ್ರಮವಾಗಿ ಏನು ಮಾಡಬೇಕೆಂದು ನೋಡೋಣ.

1. ಮೊದಲ ಮೂರು ನಾಲ್ಕು ವಾರ ಪೂರ್ತಿ ಬೇರೆ ಇಡಿರಿ. ಸಂತೆಯಿಂದ ಬಂದ ಕೋಳಿ ಕೊಕ್ಕರೆ ರೋಗವನ್ನು ಹೊತ್ತು ತರಬಹುದು. ಹಸಿರು ಬಣ್ಣದ ಭೇದಿ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು ಅದರ ಲಕ್ಷಣಗಳು. ಈ ಲಕ್ಷಣ ಕಂಡರೆ ಅದು ಕುಕ್ಕಾಟದ ತೊಂದರೆಯಲ್ಲ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ. ಮರಿಗಳಿಗೆ 5ರಿಂದ 7ನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ, ಸುಮಾರು 8 ವಾರಕ್ಕೆ ಚುಚ್ಚುಮದ್ದು ಹಾಕಿಸಿರಿ. ಕಾಳು ನೀರು ಕೊಡುವಾಗ ಹಳೆಯ ಕೋಳಿಗಳ ಕೆಲಸ ಮೊದಲು ಮುಗಿಸಿ, ಹೊಸವುಗಳ ಹತ್ತಿರ ಆಮೇಲೆ ಹೋಗಿ ಕೈಕಾಲು ತೊಳೆಯಿರಿ.

2. ತೀರ ಸಣ್ಣವನ್ನು ಸೇರಿಸಬೇಡಿರಿ. ಮೈಗಾತ್ರದಲ್ಲಿ ಹಳೆಯವುಗಳ ಸಮೀಪಕ್ಕೆ ಬರುವವರೆಗೆ, ಅಂದರೆ ಸುಮಾರು 16 ವಾರದವರೆಗೆ ಕಾಯಿರಿ. ಒಂದೇ ಒಂದು ಕೋಳಿಯನ್ನು ಎಂದೂ ಬಿಡಬೇಡಿರಿ. ನಾಲ್ಕಾರು ಒಟ್ಟಿಗೆ ಹೋದರೆ ಏಟು ಹಂಚಿಹೋಗುತ್ತದೆ.

3. ಮುಟ್ಟಗೊಡದೆ ನೋಡಗೊಡಿರಿ. ಹೊಸವು ಆರೋಗ್ಯವಾಗಿವೆ ಎಂದು ಖಾತ್ರಿಯಾದ ಮೇಲೆ ಅಂಗಳದ ಒಂದು ಮೂಲೆಯಲ್ಲಿ ಜಾಳಿಗೆ ಇಲ್ಲವೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ, ಅವನ್ನು ಒಳಗೆ ಬಿಡಿರಿ. ನಮ್ಮ ಭಾಗದಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ. ಸಂದಿಯಲ್ಲಿ ತಲೆ ತೂರದಂತೆ, ಆದರೆ ಒಂದಕ್ಕೊಂದು ಕಾಣುವಂತೆ ಇರಲಿ. ಹೀಗೆ ಎಂಟು ಹತ್ತು ದಿನ ಇರಲಿ. ತಟ್ಟಿಯ ಎರಡೂ ಬದಿಗೆ ಸಮೀಪದಲ್ಲೇ ಕಾಳು ಹಾಕಿದರೆ ಅವು ಎದುರುಬದುರು ನಿಂತು ತಿನ್ನುವುದನ್ನು ಕಲಿಯುತ್ತವೆ.

4. ಕತ್ತಲಾದ ಮೇಲೆ ಸೇರಿಸಿರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಹಳೆಯವು ಕೂತ ಮೇಲೆ ಹೊಸವನ್ನು ಮೆಲ್ಲಗೆ ಅದೇ ಗಳುವಿನ ಮೇಲೆ ಕೂಡಿಸಿರಿ. ಒಂದು ಕೋಳಿಗೆ ಒಂದು ಗೇಣಿನಷ್ಟು ಜಾಗ ಇರಲಿ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಬಾಗಿಲು ತೆರೆಯಿರಿ. ಇಕ್ಕಟ್ಟಿನಲ್ಲಿ ಕಾದಾಟ ನಡೆದರೆ ಸೋತ ಕೋಳಿಗೆ ಓಡಲು ದಾರಿ ಇರುವುದಿಲ್ಲ.

5. ಕಾಳು, ನೀರು ಎರಡು ಮೂರು ಕಡೆ ಇಡಿರಿ. ಒಂದೇ ಕಡೆ ಇಟ್ಟರೆ ಒಂದೇ ಜಗಳಗಂಟಿ ಹೇಂಟೆ ಎಲ್ಲವನ್ನೂ ಕಾಯುತ್ತದೆ. ಹಳೆಯ ಬುಟ್ಟಿ, ಬಂಡಿಯ ಗಾಲಿ, ಮೇವಿನ ಸಿವುಡು ಇಂಥವನ್ನು ಅಂಗಳದಲ್ಲಿ ಬಿಟ್ಟರೆ ಎಳೆಯವು ಮರೆಯಾಗಲು ಆಸರೆ. ಮರೆ ಎರಡೂ ಬದಿಗೆ ತೆರೆದಿರಲಿ.

6. ಸುಣ್ಣದ ಅಂಶದ ಮೇಲೆ ಲಕ್ಷ್ಯವಿರಲಿ. ತತ್ತಿ ಇಡುವ ಕೋಳಿಗಳ ಸಿದ್ಧ ಆಹಾರದಲ್ಲಿ ಸುಣ್ಣದ ಅಂಶ ನೂರಕ್ಕೆ ಸುಮಾರು ಮೂರೂವರೆಯಿಂದ ನಾಲ್ಕು ಪಾಲು ಇರುತ್ತದೆ. ತತ್ತಿ ಆರಂಭಿಸದ ಎಳೆಯದಕ್ಕೆ ಒಂದು ಪಾಲು ಸಾಕು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ಎರಡೂ ಒಟ್ಟಿಗಿರುವಾಗ ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರ ಕೊಟ್ಟು, ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿರಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ. ಬರೀ ಜೋಳದ ನುಚ್ಚಿನ ಮೇಲೆ ಸಾಕಿದರೆ ಪ್ರೋಟೀನು ಸಾಲದೆ ರೆಕ್ಕೆಪುಕ್ಕ ಕಿತ್ತು ತಿನ್ನುವ ಚಟ ಬೆಳೆಯುತ್ತದೆ ಎಂಬುದನ್ನೂ ನೆನಪಿಡಿರಿ.

7. ಕಾಲ ನೋಡಿ ಸೇರಿಸಿರಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಖೆಯಲ್ಲಿ ಕೋಳಿಗಳು ಮೊದಲೇ ಬಳಲಿರುತ್ತವೆ, ನೀರಿನ ಹತ್ತಿರ ಗುದ್ದಾಟ ಹೆಚ್ಚು. ಮಳೆ ಬಿದ್ದು ತಂಪಾದ ಮೇಲೆ ಮಾಡುವುದು ಲೇಸು.

ಇಷ್ಟು ಮಾಡಿದರೂ ಸ್ವಲ್ಪ ಕುಕ್ಕಾಟ ಆಗಿಯೇ ಆಗುತ್ತದೆ. ಒಂದೆರಡು ಏಟು, ಅಟ್ಟಿಸಿಕೊಂಡು ಹೋಗುವುದು ಇವಕ್ಕೆ ನಡುವೆ ಹೋಗಬೇಡಿರಿ. ಪ್ರತಿಸಲ ಬಿಡಿಸಿದರೆ ಸಾಲು ನಿರ್ಣಯವಾಗದೆ ಜಗಳ ಲಂಬಿಸುತ್ತದೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ತಣ್ಣಗಾಗುತ್ತದೆ. ಆದರೆ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡಬೇಡಿರಿ. ಕೆಂಪು ಕಂಡ ಕಡೆ ಎಲ್ಲವೂ ಕುಕ್ಕಿ ಕೊಂದೇ ಬಿಡುತ್ತವೆ. ಗಾಯಗೊಂಡದ್ದನ್ನು ಬೇರೆ ಮಾಡಿ, ಗಾಯ ತೊಳೆದು, ಬೇವಿನ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿರಿ. ವಾಸಿಯಾದ ಮೇಲೆಯೇ ಮತ್ತೆ ಬಿಡಿರಿ.

ಒಂದೇ ಹೇಂಟೆ ಬಿಡದೆ ಕಾಡುತ್ತಿದ್ದರೆ ಬಡಪಾಯಿಯನ್ನು ಅಲ್ಲ, ಆ ಜೋರುಗಾತಿಯನ್ನೇ ಮೂರು ನಾಲ್ಕು ದಿನ ಬುಟ್ಟಿಯಡಿ ಬೇರೆ ಇಡಿರಿ. ಮರಳಿ ಬಂದಾಗ ತನ್ನ ಸ್ಥಾನವನ್ನು ಅದು ಹೊಸದಾಗಿ ಗಳಿಸಬೇಕಾಗುವುದರಿಂದ ಅದರ ಜೋರು ಇಳಿದಿರುತ್ತದೆ. ಕೊಕ್ಕು ಕತ್ತರಿಸುವ ಉಸಾಬರಿ ಬೇಡ. ಅಂಗಳದಲ್ಲಿ ಕೆದರಿ ಹುಳ ಹೆಕ್ಕಿ ತಿನ್ನುವ ಕೋಳಿಗೆ ಕೊಕ್ಕೇ ಅನ್ನದ ದಾರಿ.

ಹೊಸವು ತಿನ್ನುತ್ತಿವೆಯೋ ಇಲ್ಲವೋ ತಿಳಿಯಲು ಸುಲಭ ಪರೀಕ್ಷೆ ಒಂದಿದೆ. ರಾತ್ರಿ ಗೂಡಿಗೆ ಸೇರಿದ ಮೇಲೆ ಕುತ್ತಿಗೆಯ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಕಾಳಿನ ಚೀಲ ತುಂಬಿದ್ದರೆ ನಿಶ್ಚಿಂತೆ. ಬರಿದಾಗಿದ್ದರೆ ಮರುದಿನದಿಂದಲೇ ಬೇರೆ ಕಡೆ ಕಾಳು ನೀರು ಕೊಡಿರಿ. ಎರಡು ದಿನ ತಡವಾದರೆ ಕೋಳಿ ಕೈಬಿಟ್ಟೀತು.

ಕೊನೆಯದಾಗಿ ದನದ ಕೊಟ್ಟಿಗೆಯ ಮಾತು. ಕೋಳಿ ದನದ ಉಣ್ಣೆಯನ್ನು ಹೆಕ್ಕಿ ತಿನ್ನುತ್ತದೆ, ಅದು ಉಪಕಾರವೇ. ಆದರೆ ಹಳೆಯವು ಅಟ್ಟಿದ ಎಳೆಯ ಹೇಂಟೆ ರಾತ್ರಿ ಗೋದಲಿಯ ಮೇಲೋ ಮೇವಿನ ಮೇಲೋ ಕೂಡುತ್ತದೆ. ಅದರ ಹಿಕ್ಕೆ ಮೇವಿಗೆ ಬಿದ್ದರೆ ಆಕಳು ಮೂಸಿ ಬಿಡುತ್ತದೆ, ಹೊಟ್ಟೆಯ ರೋಗಕ್ಕೂ ದಾರಿಯಾಗುತ್ತದೆ. ಹಾಲು ಕರೆಯುವ ಜಾಗದಲ್ಲಿ ಕೋಳಿ ಇರಲೇಬಾರದು. ದನಕ್ಕೆ ಉಣ್ಣೆಯ ಔಷಧ ಹೊಡೆದ ದಿನ ಕೋಳಿಗಳನ್ನು ಕೊಟ್ಟಿಗೆಯಿಂದ ದೂರ ಇಡಿರಿ, ಔಷಧ ತಾಗಿ ಉದುರಿದ ಉಣ್ಣೆ ಅವುಗಳಿಗೆ ವಿಷ.

ತಾಯಂದಿರೇ, ಇದಕ್ಕೆ ಬೇಕಾದದ್ದು ಒಂದು ತಟ್ಟಿ, ಎರಡು ಹೆಚ್ಚಿನ ನೀರಿನ ಬೋಗುಣಿ, ಒಂದು ತಿಂಗಳ ಸಮಾಧಾನ. ಮುಂದಿನ ಸಲ ಸಂತೆಯಿಂದ ಹೇಂಟೆ ತರುವ ಹಿಂದಿನ ದಿನವೇ ತಟ್ಟಿ ಕಟ್ಟಿಡಿರಿ. ತಮಗೇನಾದರೂ ಸಂಶಯವಿದ್ದರೆ ಈಗಲೇ ಕೇಳಿರಿ.