ಎರಡು ಊರಿನ ಹುಡುಗ

ಪುಣೆ, ಚೆನ್ನೈನಲ್ಲಿ ಬೆಳೆಯೋ ನಮ್ಮ ಮಕ್ಕಳನ್ನ ಎಲ್ಲರೂ ಕೇಳ್ತಾರೆ: ‘ನೀನು ಇಲ್ಲಿಯವನಾ, ಅಲ್ಲಿಯವನಾ?’

ಶೆರ್ಮನ್ ಅಲೆಕ್ಸಿಯ 2007ರ ಕಾದಂಬರಿ ‘ದಿ ಅಬ್ಸೊಲ್ಯೂಟ್ಲಿ ಟ್ರೂ ಡೈರಿ ಆಫ್ ಎ ಪಾರ್ಟ್-ಟೈಮ್ ಇಂಡಿಯನ್’ನಲ್ಲೂ ಇದೇ ಪ್ರಶ್ನೆ. ಇಲ್ಲಿ ಇಂಡಿಯನ್ ಅಂದ್ರೆ ಅಮೆರಿಕದ ಮೂಲನಿವಾಸಿ. 14ರ ಜೂನಿಯರ್‌ಗೆ ಶಾಲೆಯಲ್ಲಿ ಕೊಟ್ಟ ಜ್ಯಾಮಿತಿ ಪುಸ್ತಕದಲ್ಲಿ ಅವನ ಅಮ್ಮನ ಹೆಸರಿದೆ. ಅಷ್ಟು ಹಳೇದು! ಅವನು 22 ಮೈಲಿ ದೂರದ ಬಿಳಿಯರ ಶಾಲೆಗೆ ಸೇರ್ತಾನೆ. ಊರವರು ದ್ರೋಹಿ ಅಂತಾರೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತನ್ನೂರಿನ ತಂಡವನ್ನೇ ಸೋಲಿಸ್ತಾನೆ. ಆಮೇಲೆ, ಆ ಹುಡುಗರಲ್ಲಿ ಕೆಲವರು ಬೆಳಿಗ್ಗೆ ತಿಂಡೀನೂ ತಿಂದಿರಲಿಕ್ಕಿಲ್ಲ ಅಂತ ಹೊಳೆದು ಅಳ್ತಾನೆ.

ಅವನ ಬಡತನ ನಮ್ಮ ಮಕ್ಕಳಿಗಿಲ್ಲ, ನಿಜ. ಆದರೆ ಎರಡೂ ಕಡೆಯವನಾದವನಿಗೆ ಮಾತ್ರ ಆ ಅಳು ಬರುತ್ತೆ. ಅದು ಕೊರತೆಯಲ್ಲ. ಮಕ್ಕಳಿಗೆ ‘ಒಂದನ್ನ ಆರಿಸ್ಕೋ’ ಅನ್ನಬೇಡಿ, ಈ ಪುಸ್ತಕ ಕೊಡಿ.