ಮುಯ್ಯಾಳಾಗಿ ಹೋಗೋಣ

(ಮಹಿಳಾ ವಿಭಾಗದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



‘ಸ್ವಯಂಸೇವೆಯ ಬಗ್ಗೆ ನಾಲ್ಕು ಮಾತು ಆಡಿ’ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಮೊದಲು ‘ಬೇಡಪ್ಪಾ’ ಅಂದೆ. ನಾನು ದೊಡ್ಡ ಸಮಾಜಸೇವಕಿಯೇನೂ ಅಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ನಾನು ಮಾಡಿದ ಸೇವೆಗಿಂತ ಮಾಡಿದ ತಪ್ಪುಗಳೇ ಹೆಚ್ಚು ಎಂದೆ. ‘ಹಾಗಾದರೆ ಅದನ್ನೇ ಹೇಳಿ’ ಎಂದರು. ಅದಾದರೆ ಧಾರಾಳವಾಗಿ ಹೇಳಬಲ್ಲೆ ಎಂದು ಒಪ್ಪಿಕೊಂಡು ಬಂದಿದ್ದೇನೆ.

ನನ್ನ ತವರು ಶಿವಮೊಗ್ಗ ಜಿಲ್ಲೆಯ ಸೊರಬದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ಊರೊಳಗೇ ಬಾಡಿಗೆ ಮನೆಗಳಲ್ಲಿದ್ದೆವು. 2013ರಲ್ಲಿ ಹಿಂಜೆವಾಡಿಯ ಆಚೆ, ಮುಳಶಿ ತಾಲೂಕಿನ ಒಂದು ಹಳ್ಳಿಯ ಅಂಚಿನಲ್ಲಿ ಸ್ವಂತ ಫ್ಲ್ಯಾಟ್ ಕೊಂಡೆವು. ಆಗ ನಮ್ಮದು ಆ ಊರಿನ ಮೊದಲ ದೊಡ್ಡ ಸೊಸೈಟಿ, 180 ಮನೆ. ಸುತ್ತ ಭತ್ತದ ಗದ್ದೆ, ಹಿಂದೆ ಗುಡ್ಡ, ಮಳೆಗಾಲದಲ್ಲಿ ತುಂಬಿ ಹರಿಯುವ ಒಂದು ಹಳ್ಳ. ಬಾಲ್ಕನಿಯಲ್ಲಿ ನಿಂತರೆ ನನಗೆ ತವರಿಗೇ ಬಂದ ಹಾಗಾಗುತ್ತಿತ್ತು. ನಮ್ಮ ಅತ್ತೆಯವರಿಗಂತೂ ಇನ್ನೂ ಸಂತೋಷ.

ಹೊಸ ಮನೆಯ ಉತ್ಸಾಹದಲ್ಲಿ ನಾವು ಹತ್ತು ಮಂದಿ ಹೆಂಗಸರು ಸೇರಿ ಒಂದು ಗುಂಪು ಕಟ್ಟಿದೆವು. ‘ಹಳ್ಳಿಗೆ ಏನಾದರೂ ಮಾಡಬೇಕು’ ಎಂಬುದು ನಮ್ಮ ಉದ್ದೇಶ. ಮೊದಲ ಕಾರ್ಯಕ್ರಮ ಸ್ವಚ್ಛತೆ. ಗಾಡಗೇ ಬಾಬಾ ಅವರ ಫೋಟೋ ಇಟ್ಟುಕೊಂಡು, ಹೊಸ ಪೊರಕೆ ಹಿಡಿದು, ಚಾವಡಿಯ ಮುಂದೆ ಗುಡಿಸಿ ಫೋಟೋ ತೆಗೆಸಿಕೊಂಡೆವು. ಎರಡನೆಯದು ದೀಪಾವಳಿಯ ನಂತರ. ಮನೆಮನೆಯಿಂದ ಹಳೆ ಬಟ್ಟೆ ಸಂಗ್ರಹಿಸಿ ಏಳು ಮೂಟೆ ಕಟ್ಟಿ ಊರಿಗೆ ಒಯ್ದು ಹಂಚಿದೆವು. ಊರವರು ತೆಗೆದುಕೊಂಡರು, ಚಹಾ ಕೊಟ್ಟರು, ನಾವು ಹೆಮ್ಮೆಯಿಂದ ಮರಳಿದೆವು.

ಮರುದಿನ ಸಂಜೆ ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕರೆದು, ‘ನಿಮಗೆ ಒಂದು ಚೀಲ ಬಂದಿದೆ’ ಎಂದ. ಹೋಗಿ ನೋಡಿದರೆ ಐದಾರು ಕಿಲೋ ಹೊಸ ಅಕ್ಕಿ. ಮುಳಶಿಯ ಆಂಬೆಮೋಹರ್. ಮಾವಿನ ಹೂವಿನ ಪರಿಮಳ ಇರುತ್ತದೆಂದು ಅದಕ್ಕೆ ಆ ಹೆಸರು. ನಿಮಗೆಲ್ಲ ಗೊತ್ತೇ ಇದೆ. ಯಾರು ತಂದರು ಎಂದೆ. ಊರಲ್ಲಿ ಎಲ್ಲರೂ ‘ಆಜಿ’ ಎಂದೇ ಕರೆಯುವ ಒಬ್ಬ ಮುದುಕಿ ನಮ್ಮನ್ನು ನೋಡಬೇಕೆಂದು ಬಂದಿದ್ದರಂತೆ. ಫ್ಲ್ಯಾಟ್ ನಂಬರ್ ಗೊತ್ತಿಲ್ಲ, ಫೋನ್ ಇಲ್ಲ, ನನ್ನ ಹೆಸರೂ ಗೊತ್ತಿಲ್ಲ. ‘ಬಟ್ಟೆ ಕೊಟ್ಟ ಕನ್ನಡದ ಬಾಯಿ’ ಎಂದರಂತೆ. ನಿಯಮದ ಪ್ರಕಾರ ಒಳಗೆ ಬಿಡುವಂತಿರಲಿಲ್ಲ. ಅರ್ಧ ಗಂಟೆ ಗೇಟಿನ ಹೊರಗೆ ಕುಳಿತು, ಚೀಲ ಅಲ್ಲೇ ಇಟ್ಟು ಹೋದರಂತೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹಳೆ ಬಟ್ಟೆ ಯಾವ ಗೇಟೂ ಅಡ್ಡಬಾರದೆ ಅವರ ಅಂಗಳಕ್ಕೆ ಹೋಯಿತು. ಅವರ ಹೊಸ ಅಕ್ಕಿ ನಮ್ಮ ಗೇಟಿನಲ್ಲಿ ನಿಂತಿತು. ಬೆಳಿಗ್ಗೆ ಎದ್ದವಳೇ ಅತ್ತೆಯವರನ್ನೂ ಕರೆದುಕೊಂಡು ಆಜಿಯ ಮನೆ ಹುಡುಕಿಕೊಂಡು ಹೋದೆ. ತಪ್ಪಾಯಿತು ಎಂದೆ. ಆಜಿ ನಕ್ಕು ಬೇರೇನೋ ಹೇಳಿದರು. ‘ನಾನು ಮದುವೆಯಾಗಿ ಬಂದ ವರ್ಷ ನಿಮ್ಮ ಬಿಲ್ಡಿಂಗ್ ಇರುವ ಜಾಗದಲ್ಲೇ ನಾಟಿ ಮಾಡಿದ್ದೆ. ಅಲ್ಲಿಗೆ ಹೋಗುವುದಕ್ಕೆ ಚೀಟಿ ಬೇಕು ಅನ್ನುವುದು ಗೊತ್ತಿರಲಿಲ್ಲ.’

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ತಟ್ಟಿತು.

ಗೆಳತಿಯರೇ, ನಮ್ಮ ಮಲೆನಾಡಿನಲ್ಲಿ ‘ಮುಯ್ಯಾಳು’ ಎಂಬ ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿ ಇಲ್ಲ, ಊಟ ಉಂಟು. ಮದುವೆಯಲ್ಲಿ ಮಾಡುವ ಉಡುಗೊರೆಗೂ ‘ಮುಯ್ಯಿ’ ಎಂದೇ ಹೇಳುತ್ತೇವೆ. ಸೇಡಿಗೂ ಅದೇ ಪದ! ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಕೊಟ್ಟದ್ದು ತಿರುಗಿ ಬರುತ್ತದೆ, ಬರಬೇಕು ಎಂಬ ಲೆಕ್ಕ ಆ ಪದದಲ್ಲಿದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದಕ್ಕೆ ‘ಸಾವಡ’ ಎನ್ನುತ್ತಾರೆ. ಹೆಸರು ಬೇರೆ, ರೀತಿ ಒಂದೇ.

ನಾವು ಮಾಡುತ್ತಿದ್ದುದರಲ್ಲಿ ಈ ತಿರುಗಿ ಬರುವ ದಾರಿಯೇ ಇರಲಿಲ್ಲ. ಕೊಡುವವರು ಯಾವಾಗಲೂ ನಾವೇ, ತೆಗೆದುಕೊಳ್ಳುವವರು ಯಾವಾಗಲೂ ಅವರೇ. ಅದನ್ನು ದಾನ ಎನ್ನಬಹುದು. ಅದರಿಂದ ನೆರೆಹೊರೆ ಹುಟ್ಟುವುದಿಲ್ಲ.

ಮುಂದಿನ ಜುಲೈಯಲ್ಲಿ ನಾವು ನಾಲ್ವರು ಆಜಿಯ ಗದ್ದೆಗೆ ನಾಟಿಗೆ ಹೋದೆವು. ನಮ್ಮ ಕಡೆಯ ಗೊರಬಿನಂತೆಯೇ ಇಲ್ಲೂ ‘ಇರ್ಲೆ’ ಎಂಬುದಿದೆ, ಎಲೆ ಹೊದಿಸಿದ ಬಿದಿರಿನ ಮಳೆಗೂಡು. ಈಗ ಹೆಚ್ಚಿನವರು ಪ್ಲಾಸ್ಟಿಕ್ ಹೊದೆಯುತ್ತಾರೆ. ಆಜಿ ತಮ್ಮ ಹಳೆಯ ಇರ್ಲೆಯನ್ನು ನನ್ನ ಬೆನ್ನಿಗೆ ಹಾಕಿದರು. ಚಿಕ್ಕಂದಿನಲ್ಲಿ ನಾಟಿ ಮಾಡಿದವಳು ನಾನು ಎಂಬ ಜಂಬ ಒಂದು ಗಂಟೆಯಲ್ಲಿ ಇಳಿಯಿತು. ನಾವು ನೆಟ್ಟ ಸಾಲು ಹಾವಿನಂತೆ ಹೋಗಿತ್ತು. ಹಿಂದೆಯೇ ಇಬ್ಬರು ಹುಡುಗಿಯರು ಅದನ್ನು ಕಿತ್ತು ಸರಿಯಾಗಿ ನೆಡುತ್ತಿದ್ದರು. ಊರಿಗೆ ನಗುವೋ ನಗು. ಮೂರು ದಿನ ಸೊಂಟ ಹಿಡಿದುಕೊಂಡಿತ್ತು. ಆದರೆ ಆ ಮಧ್ಯಾಹ್ನ ಬದುವಿನ ಮೇಲೆ ಕುಳಿತು ಭಾಕರಿ, ಠೇಚಾ ತಿಂದಾಗ ಅವರಿಗೆ ನನ್ನ ಹೆಸರು ಗೊತ್ತಾಯಿತು, ನನಗೆ ಅವರೆಲ್ಲರ ಹೆಸರು ಗೊತ್ತಾಯಿತು. ಏಳು ಮೂಟೆ ಬಟ್ಟೆಯಿಂದ ಆಗದ್ದು ಕಿತ್ತು ನೆಡಬೇಕಾದ ಆ ಒಂದು ಸಾಲಿನಿಂದ ಆಯಿತು.

ಅಲ್ಲಿಯೇ ಒಬ್ಬಳು ‘ನಾಡಿದ್ದು ಹೆಂಗಸರ ಗ್ರಾಮಸಭೆ ಇದೆ, ಬನ್ನಿ’ ಎಂದಳು. ಮಹಾರಾಷ್ಟ್ರದಲ್ಲಿ ಮುಖ್ಯ ಗ್ರಾಮಸಭೆಗೆ ಮುಂಚೆ ಮಹಿಳೆಯರದೇ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಪಂಚಾಯತಿಯಲ್ಲಿ ಅರ್ಧದಷ್ಟು ಸ್ಥಾನ 2011ರಿಂದ ಮಹಿಳೆಯರಿಗೆ ಮೀಸಲು. ಇದೆಲ್ಲ ನನಗೆ ಆವತ್ತೇ ತಿಳಿದದ್ದು. ಇನ್ನೊಂದು ಸಂಗತಿಯೂ ತಿಳಿಯಿತು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಗ್ರಾಮಸಭೆಯ ಸದಸ್ಯರು. ನಮ್ಮ 180 ಮನೆಗಳಲ್ಲಿ ಹಾಗೆ ಹೆಸರಿದ್ದವರು ಬೆರಳೆಣಿಕೆಯಷ್ಟು. ನಮ್ಮ ಓಟು ಕೊತ್ರೂಡಿನಲ್ಲೋ, ನಾಗಪುರದಲ್ಲೋ, ನನ್ನದು ಹಳೆಯ ಬಾಡಿಗೆ ಮನೆಯ ವಿಳಾಸದಲ್ಲೋ ಇತ್ತು. ಊರಿನ ನೀರು ಕುಡಿಯುತ್ತಿದ್ದೆವು, ಊರಿನಲ್ಲಿ ನಾವಿರಲಿಲ್ಲ.

ಆ ಸಭೆಯಲ್ಲಿ ಕೇಳುಗಳಾಗಿ ಹಿಂದೆ ಕುಳಿತಿದ್ದೆ. ಹೆಂಗಸರ ಮುಖ್ಯ ದೂರು, ಹಳ್ಳದ ನೀರು ನಾರುತ್ತಿದೆ, ದನ ಕುಡಿಯುತ್ತಿಲ್ಲ ಎಂಬುದು. ಕಾರಣ ಏನೆಂದು ಗ್ರಾಮಸೇವಕರು ಕೇಳಿದರು. ಎಲ್ಲರೂ ಸುಮ್ಮನಾದರು. ನಾನು ಅಲ್ಲಿರುವುದರಿಂದ ಸುಮ್ಮನಾದರು ಎಂದು ಆಮೇಲೆ ಹೊಳೆಯಿತು. ನಮ್ಮ ಸೊಸೈಟಿಯ ಕಸ ಒಯ್ಯುವವನು ಅದನ್ನು ಮೇಲ್ಭಾಗದಲ್ಲಿ ಹಳ್ಳಕ್ಕೇ ಸುರಿಯುತ್ತಿದ್ದ! ಗಾಡಗೇ ಬಾಬಾ ಊರಿಗೆ ಬಂದರೆ ಮೊದಲು ಪೊರಕೆ ಹಿಡಿದು ಊರು ಗುಡಿಸಿ, ಆಮೇಲೆ ರಾತ್ರಿ ಕೀರ್ತನೆಗೆ ನಿಲ್ಲುತ್ತಿದ್ದರಂತೆ. ನಾವು ನಮ್ಮ ಕಸವನ್ನು ಅವರ ಹಳ್ಳಕ್ಕೆ ಕಳಿಸಿ, ಅವರಿಗೆ ಸ್ವಚ್ಛತೆಯ ಕೀರ್ತನೆ ಹೇಳಿ ಬಂದಿದ್ದೆವು.

ಅಲ್ಲಿಂದ ನಮ್ಮ ಗುಂಪಿನ ಕೆಲಸದ ದಿಕ್ಕು ಬದಲಾಯಿತು. ಹಳ್ಳಿಯನ್ನು ತಿದ್ದುವುದು ಬಿಟ್ಟು ಮೊದಲು ನಮ್ಮ ಗೇಟಿನೊಳಗೆ ಕೆಲಸ ಶುರು ಮಾಡಿದೆವು. ಮನೆಮನೆಗೆ ಹೋಗಿ ಮತದಾರರ ಅರ್ಜಿ ತುಂಬಿಸಿದೆವು. ಹಸಿ ಕಸ ಒಣ ಕಸ ಬೇರೆ ಮಾಡಿಸಿ, ಹಸಿಯದ್ದಕ್ಕೆ ಹಿಂದಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ಮಾಡಿಸಿದೆವು. ಎರಡು ವರ್ಷ ಬೇಕಾಯಿತು, ಬೈಗುಳವೂ ಬಂತು. ಭೈರವನಾಥನ ಗುಡಿಗೆ ಹೋಗುವ ಹಳೆಯ ಕಾಲುದಾರಿ ನಮ್ಮ ಕಾಂಪೌಂಡಿನಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೊಂದು ಚಿಕ್ಕ ಗೇಟು ಬಿಡಿಸುವುದಕ್ಕೆ ಮೂರು ಸಭೆ ಜಗಳವಾಯಿತು. ‘ಕಳ್ಳತನ ಆದರೆ ಯಾರು ಹೊಣೆ?’ ಎಂದು ಕೇಳಿದವರ ಭಯ ಸುಳ್ಳಲ್ಲ. ಕೊನೆಗೆ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ತೆರೆದಿರಲಿ, ನಮ್ಮಲ್ಲೇ ಹಿರಿಯರು ಪಾಳಿಯಲ್ಲಿ ಅಲ್ಲಿ ಕುಳಿತಿರಲಿ ಎಂದು ಒಪ್ಪಂದವಾಯಿತು. ಆ ಪಾಳಿ ಕಟ್ಟೆ ಈಗ ಊರಿನ ಹರಟೆ ಕಟ್ಟೆಯೂ ಹೌದು. ನಮ್ಮ ಅತ್ತೆಯವರಿಗೆ ಮರಾಠಿ ಬರುತ್ತಿರಲಿಲ್ಲ, ಆಜಿಗೆ ಕನ್ನಡ ಬರುತ್ತಿರಲಿಲ್ಲ. ದಿನಾ ಸಂಜೆ ಇಬ್ಬರೂ ಅಲ್ಲಿ ಕುಳಿತು ಒಂದು ಗಂಟೆ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಅತ್ತೆ, ‘ಕಷ್ಟಸುಖ’ ಎನ್ನುತ್ತಿದ್ದರು.

2016ರ ಆಗಸ್ಟಿನಲ್ಲಿ ಒಂದು ರಾತ್ರಿ ಅತ್ತೆ ತೀರಿಕೊಂಡರು. ನಮ್ಮ ಮನೆಯವರು ಬೆಂಗಳೂರಿಗೆ ಹೋಗಿದ್ದರು. ಮನೆಯಲ್ಲಿ ನಾನು, ಮಗಳು ಇಬ್ಬರೇ. ಜೋರು ಮಳೆ, ಕರೆಂಟಿಲ್ಲ, ಲಿಫ್ಟಿಲ್ಲ. ಅಕ್ಕಪಕ್ಕದವರು ಬಂದರು, ಡಾಕ್ಟರನ್ನು ಕರೆತಂದರು, ನನ್ನ ಕೈಹಿಡಿದು ಕುಳಿತರು. ಆದರೆ ಮುಂದೇನು? ಊರಿನ ಸ್ಮಶಾನ ಎಲ್ಲಿದೆ ಎಂಬುದು ಅಲ್ಲಿ ಸೇರಿದ್ದ ಯಾರಿಗೂ ಗೊತ್ತಿರಲಿಲ್ಲ. ವಾಚ್‌ಮನ್ ಆಜಿಯ ಮಗನಿಗೆ ಫೋನ್ ಮಾಡಿದ. ಬೆಳಗಾಗುವುದರೊಳಗೆ ಹನ್ನೆರಡು ಗಂಡಸರು ಬಿದಿರು, ಹಗ್ಗ ಹಿಡಿದು ಆರು ಮಹಡಿ ಹತ್ತಿ ಬಂದರು. ಗೇಟಿನಲ್ಲಿ ಯಾರೂ ಅವರ ಹೆಸರು ಬರೆಸಿಕೊಳ್ಳಲಿಲ್ಲ. ಒಣ ಸೌದೆ ಸಿಗದ ಆ ಮಳೆಯಲ್ಲಿ ತಮ್ಮ ಕೊಟ್ಟಿಗೆಗಳಿಂದ ಸೌದೆ ಒಟ್ಟು ಮಾಡಿದ್ದರು. ನಮ್ಮವರು ಬೆಂಗಳೂರಿನಿಂದ ಬಂದು ತಲುಪುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಆಜಿ ನನ್ನ ಅಡಿಗೆಮನೆಗೆ ಬಂದು ಒಲೆ ಹಚ್ಚಬಾರದೆಂದು ಹೇಳಿ, ಮೂರು ದಿನ ತಮ್ಮ ಮನೆಯಿಂದ ಊಟ ಕಳಿಸಿದರು.

ಹಣ ಕೊಡಲು ಹೋದೆ. ಆಜಿಯ ಮಗ ‘ನೀವು ನಾಟಿಗೆ ಬಂದಾಗ ನಾವು ಕೂಲಿ ಕೊಟ್ಟಿದ್ದೆವಾ?’ ಎಂದ. ನಾವು ನೆಟ್ಟ ಆ ಡೊಂಕು ಸಾಲಿಗೆ ಇಷ್ಟು ದೊಡ್ಡ ಮುಯ್ಯಿ ಬರಬಹುದೆಂದು ನಾನು ಎಣಿಸಿರಲಿಲ್ಲ.

ಇನ್ನು ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಒಂದು ವಿಷಯ. ನಮ್ಮ ಊರಿನ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕಿ ಒಮ್ಮೆ ನನ್ನನ್ನು ಕರೆದು, ‘ಕೆಲವು ಮಕ್ಕಳು ಬಾಯಿಯೇ ಬಿಡುವುದಿಲ್ಲ, ನೀವು ನೋಡಿ’ ಎಂದರು. ಹೋಗಿ ‘ಊಟ ಆಯ್ತೇನೋ?’ ಅಂದೆ. ಒಬ್ಬ ಹುಡುಗ ಕಣ್ಣರಳಿಸಿ ‘ಆತ್ರೀ’ ಅಂದ! ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನಾವಿರುವ ಈ ಬಿಲ್ಡಿಂಗುಗಳನ್ನು ಕಟ್ಟುವವರಲ್ಲಿ ನಮ್ಮವರೂ ಬಹಳ ಮಂದಿ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಯಾವ ಮಗುವಿಗೂ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಪ್ರವೇಶ ಸಿಗುತ್ತದೆ, ಆದರೆ ಮಾತು ಸಿಗದ ಮಗು ಎರಡು ತಿಂಗಳಲ್ಲಿ ಶಾಲೆ ಬಿಡುತ್ತದೆ. ಈಗ ಶನಿವಾರ ನಾವು ಮೂವರು ಹೋಗುತ್ತೇವೆ. ಕನ್ನಡದಲ್ಲಿ ಕತೆ ಹೇಳಿ, ಅದೇ ಕತೆಯನ್ನು ಮರಾಠಿಯಲ್ಲಿ ಹೇಳಿಸುತ್ತೇವೆ. ಊರಿನ ಮಕ್ಕಳಿಗೂ ನಾಲ್ಕು ಕನ್ನಡ ಮಾತು ಬಂದಿವೆ. ಎರಡೂ ಭಾಷೆ ಬಲ್ಲ ನಮಗೆ ಈ ಕೆಲಸ ಸುಲಭ. ನಿಮ್ಮ ನಿಮ್ಮ ಬಡಾವಣೆಯ ಪಕ್ಕದ ಶಾಲೆಗೆ ಒಮ್ಮೆ ಹೋಗಿ ‘ಊಟ ಆಯ್ತಾ?’ ಎಂದು ಕೇಳಿ ನೋಡಿ.

ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾರೆ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪುಣೆ ಮಹಾನಗರ ಪಾಲಿಕೆಗೆ ಸೇರಿದವು. ನಮ್ಮ ಊರಿನ ಸರದಿಯೂ ಒಂದು ದಿನ ಬಂದೀತು. ಆಗ ಪಂಚಾಯತಿ ಇರುವುದಿಲ್ಲ, ಗ್ರಾಮಸಭೆಯೂ ಇರುವುದಿಲ್ಲ. ಕಳೆದ ವರ್ಷ ಆಜಿಯ ಗದ್ದೆಯ ಅರ್ಧ ಮಾರಾಟವಾಯಿತು, ಮೊಮ್ಮಗಳ ಓದಿಗಾಗಿ. ‘ಮಾರಬೇಡಿ’ ಎಂದು ಹೇಳಲು ನನಗೆ ಯಾವ ಬಾಯಿ? ನಾನು ಮಲಗುವ ಕೋಣೆಯೇ ಒಂದು ಕಾಲದ ಗದ್ದೆ.

ಆ ಅರ್ಧ ಗದ್ದೆಯಲ್ಲಿ ಕಟ್ಟಡ ಏಳುತ್ತದೆ. ಹೊಸಬರು ಬರುತ್ತಾರೆ. ಒಳ್ಳೆಯ ಮನಸ್ಸಿನವರೇ ಬರುತ್ತಾರೆ, ಹಳೆ ಬಟ್ಟೆಯ ಮೂಟೆಯನ್ನೂ ತರುತ್ತಾರೆ. ಆಗ ಅವರನ್ನು ಎದುರುಗೊಂಡು, ಸ್ಮಶಾನ ಎಲ್ಲಿದೆ, ಶಾಲೆ ಎಲ್ಲಿದೆ, ಹಳ್ಳ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಆಜಿಯ ಮನೆ ಯಾವುದು ಎಂದು ತೋರಿಸುವವರು ನಾವಾಗಬೇಕು. ಗದ್ದೆಯನ್ನು ಉಳಿಸುವುದು ನಮ್ಮ ಕೈಯಲ್ಲಿಲ್ಲ. ಮುಯ್ಯಿಯನ್ನು ಉಳಿಸುವುದು ನಮ್ಮ ಕೈಯಲ್ಲಿದೆ.

ಉಳಿದ ಅರ್ಧ ಗದ್ದೆಗೆ ಈ ಜುಲೈಯಲ್ಲೂ ನಾಟಿ ಇದೆ. ಬರಬೇಕೆನ್ನುವವರು ಕಾರ್ಯಕ್ರಮ ಮುಗಿದ ಮೇಲೆ ನನ್ನಲ್ಲಿ ಹೆಸರು ಕೊಡಿ. ಊಟ ಆಜಿಯದು, ಇರ್ಲೆ ನಾನು ಕೊಡುತ್ತೇನೆ. ಸೊಂಟನೋವಿನ ಮುಲಾಮು ಮಾತ್ರ ನೀವೇ ತರಬೇಕು.